ಮಡಚಿದ ತುದಿ

ಗಿರಾಕಿಗಳ ಬಾಯಲ್ಲಿ ಅವಳು ಮೀಟರಕ್ಕ. ಕಾರಿನ ವೈರಿಂಗ್ ಎಷ್ಟೇ ಹಠ ಹಿಡಿಯಲಿ, ಕರೆಂಟು ಅಳೆಯುವ ಮೀಟರಿನ ಎರಡು ಕಡ್ಡಿ ಹಿಡಿದು ಕೂತಳೆಂದರೆ ಅದರ ಬಾಯಿ ಬಿಡಿಸದೆ ಏಳುವವಳಲ್ಲ. ಇಂದು ಅವಳ ಮುಂದೆ ಬಾನೆಟ್ ತೆರೆದುಕೊಂಡು ನಿಂತದ್ದು ಒಡಹುಟ್ಟಿದ ತಂಗಿಯ ಕಾರು.

ಗಂಡನ ಹೊಡೆತ ತಾಳಲಾರದೆ ತಂಗಿ ಒಮ್ಮೆ ಇದೇ ಕಾರಿನಲ್ಲಿ ಹೊರಟಿದ್ದಳು. ಊರಾಚೆಯ ಏರಿನಲ್ಲಿ ಕಾರು ಉಸಿರು ಕಳೆದುಕೊಂಡು ತೆವಳಿತು. ಬೆನ್ನಟ್ಟಿ ಬಂದ ಗಂಡ ಬಾಗಿಲು ತೆಗೆದು ಎಳೆದ. ಆ ಎಳೆತಕ್ಕೆ ಮುರಿದ ಅವಳ ಮೊಣಕೈಯ ಪ್ಲಾಸ್ಟರ್ ನಿನ್ನೆ ಬಿಚ್ಚಿದ್ದಾರೆ. ಇಂದು ಅವನ ಶಿಫ್ಟ್ ಮುಗಿಯುವ ಮುಂಚೆ ಅವಳು ಆ ಏರು ದಾಟಬೇಕು.

"ಏನಂತೆ ಅಕ್ಕಾ ನಿನ್ನ ಮೀಟರು?" ಸೀಟಿನಲ್ಲಿ ಕೂತೇ ತಂಗಿ ಕೇಳಿದಳು.

"ಬಾಯಿ ಮುಚ್ಕೊಂಡು ಕೂರು ಅಂತೆ."

"ಮನೇಲೂ ಅದೇ ಮಾತು, ಇಲ್ಲೂ ಅದೇನಾ!" ತಂಗಿ ನಕ್ಕಳು. ಅಕ್ಕನಿಗೆ ನಗು ಬರಲಿಲ್ಲ.

ಶೆಡ್ಡಿನ ಬಾಗಿಲ ಬಳಿ, ಯಾವುದೋ ಹಳೆಯ ವ್ಯಾನಿನಿಂದ ಕಿತ್ತ ಸೀಟಿನ ಮೇಲೆ ಅಪ್ಪ ಕೂತಿದ್ದ. ಶೆಡ್ಡು ಅವನದು, ಕಸುಬು ಕಲಿಸಿದವನೂ ಅವನೇ. "ಸೊಲೆನಾಯ್ಡೇ ಹೋಗಿದೆ, ಬದಲಾಯಿಸಿ ಕಳಿಸು" ಎಂದು ಬೆಳಿಗ್ಗೆಯಿಂದ ಒಂದೇ ರಾಗ.

ಏರಿನಲ್ಲಿ ಎಂಜಿನ್ನಿಗೆ ಕಸುವು ಬೇಕಾದಾಗ ವಾಲ್ವುಗಳು ತೆರೆಯುವ ಹೊತ್ತನ್ನು ಹಿಂದೆಮುಂದೆ ಮಾಡುವುದು ಆ ಪುಟ್ಟ ಸೊಲೆನಾಯ್ಡ್. ಸ್ಕ್ಯಾನರ್ ಕೂಡ ಅದರ ಸರ್ಕ್ಯೂಟಿನತ್ತಲೇ ಬೆರಳು ತೋರಿಸಿತ್ತು. ಆದರೆ ಪ್ಲಗ್ ಕಳಚಿ ಅಳೆದರೆ ಸೊಲೆನಾಯ್ಡಿನೊಳಗಿನ ಸುರುಳಿ ಸರಿಯಿತ್ತು. ಬ್ಯಾಟರಿಗೆ ಮುಟ್ಟಿಸಿದರೆ ಟಕ್ಕೆಂದಿತು. ಪ್ಲಗ್ಗಿಗೆ ಕರೆಂಟೂ ಬರುತ್ತಿತ್ತು. ಉಳಿದದ್ದು ಕಾರಿನ ಕಂಪ್ಯೂಟರಿಗೆ ಹೋಗುವ ಇನ್ನೊಂದು ತಂತಿ. ಮೀಟರು ಅದನ್ನೂ ಸರಿಯೆಂದಿತು.

ಅವಳು ಒಪ್ಪಲಿಲ್ಲ. ಮೀಟರು ಹೊರಿಸುವುದು ಇರುವೆಯ ಹೊರೆ. ಒಂದೇ ಎಳೆ ಉಳಿದಿದ್ದರೂ ತಂತಿ ಹೂಂ ಅಂದುಬಿಡುತ್ತದೆ. ಬ್ರೇಕ್‌ಲೈಟಿನ ಬಲ್ಬೊಂದನ್ನು ಆ ತಂತಿಗೆ ಜೋಡಿಸಿದಳು. ಬಲ್ಬು ಕೆಂಪಗೆ ಮಿಣುಕಿತೇ ಹೊರತು ಉರಿಯಲಿಲ್ಲ.

ತಂತಿಯನ್ನು ಬೆರಳಿನಿಂದ ಸವರುತ್ತ ಹೋದಳು. ಬ್ಯಾಟರಿಯ ತಟ್ಟೆಯ ಕೆಳಗೆ, ಕೈ ತಿರುಚಿದರೆ ಮಾತ್ರ ಸಿಗುವ ಮೂಲೆಯಲ್ಲಿ, ಹೊಸ ಟೇಪು. ಅದರ ತುದಿ ಉಗುರಿನಷ್ಟು ಮಡಚಿತ್ತು.

ಅವಳ ಕೈ ಅಲ್ಲೇ ನಿಂತಿತು. ಮುಂದೆ ಬಿಚ್ಚುವವರಿಗೆ ತುದಿ ಸಿಗಲಿ ಎಂದು ಹಾಗೆ ಮಡಚುವುದನ್ನು ಅಪ್ಪ ಅಕ್ಕತಂಗಿಯರಿಬ್ಬರಿಗೂ ಚಿಕ್ಕಂದಿನಲ್ಲೇ ಕಲಿಸಿದ್ದ. ಬೇರೆ ಯಾರೂ ಅಷ್ಟು ತಾಳ್ಮೆ ತೋರಿದ್ದನ್ನು ಅವಳು ಕಂಡಿರಲಿಲ್ಲ. ಬಿಚ್ಚಿದಳು. ಒಳಗೆ ಬ್ಲೇಡಿನ ಗಾಯ. ಒಂದೆಳೆ ಬಿಟ್ಟು ಮಿಕ್ಕಿದ್ದೆಲ್ಲ ಕೊಯ್ದಿತ್ತು.

ಟೇಪನ್ನು ಅಂಗೈಯಲ್ಲಿಟ್ಟುಕೊಂಡು ಅಪ್ಪನ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಆವತ್ತು ಹೊರಡೋ ಮುಂಚೆ, ಆಯಿಲ್ ನೋಡು ಅಂತ ನಿನ್ನ ಹತ್ರಾನೇ ತಂದಿದ್ಳಲ್ಲಪ್ಪಾ."

ಅಪ್ಪ ಟೇಪಿನ ತುದಿಯನ್ನು ಮುಟ್ಟಿ ನೋಡಿದ. "ಕಾರು ಕೆಟ್ಟು ನಿಲ್ಲಬಾರದು, ಏರು ಹತ್ತಬಾರದು, ಅಷ್ಟೇ ಮಾಡಿದ್ದು ಕಣೇ. ವಾಪಸ್ ಬರ್ತಾಳೆ, ಇಬ್ಬರ ಸಿಟ್ಟೂ ಇಳಿಯುತ್ತೆ ಅಂದ್ಕೊಂಡೆ. ಗಂಡನ್ನ ಬಿಟ್ಟು ಹೋದ್ರೆ ಅವಳಿಗೆ ಯಾರು ದಿಕ್ಕು?"

"ನಾನು ಸತ್ತಿದ್ನಾ?"

"ಅವನು ಬೆನ್ನು ಹತ್ತುತ್ತಾನೆ ಅಂತ ನನಗೇನು ಕನಸು ಬಿದ್ದಿತ್ತಾ?" ಕಾರಿನತ್ತ ನೋಡಿ ಅಪ್ಪ ದನಿ ತಗ್ಗಿಸಿದ. "ಅವಳಿಗೆ ಹೇಳ್ಬೇಡ."

ಅವಳು ಎದ್ದು ಹೋಗಿ ತಂತಿಗೆ ಬೆಸುಗೆ ಹಾಕಿದಳು. ಈಗ ಬಲ್ಬು ಕಣ್ಣು ಕುಕ್ಕುವಂತೆ ಉರಿಯಿತು. ಹೊಸ ಟೇಪು ಸುತ್ತಿ ಮುಗಿಸಿದಾಗ ತಂಗಿ ಕಿಟಕಿಯಿಂದ ಕೈ ಚಾಚಿದಳು.

"ಏನಾಗಿತ್ತು, ತೋರ್ಸು. ಅಪ್ಪನಿಗೂ ಹೇಳಿಬಿಡು, ನಿನಗೆ ಕೊಟ್ಟ ವಿಳಾಸಾನ ತಲುಪಿದ ಕೂಡಲೇ ಅವನಿಗೂ ಕಳಿಸ್ತೀನಿ."

ಇಲಿ ಕಡಿದಿತ್ತು ಎಂಬ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ವಿಳಾಸ ಎಂಬ ಮಾತು ಕೇಳಿ ಅದು ಅಲ್ಲೇ ಇಂಗಿತು. ಅಪ್ಪನಿಗೆ ಗೊತ್ತಾದರೆ ಅಳಿಯನಿಗೆ ಗೊತ್ತಾದಂತೆ. ಅವಳು ಬಿಚ್ಚಿದ ಟೇಪನ್ನು ತಂಗಿಯ ಅಂಗೈಗೆ ಹಾಕಿದಳು.

ತಂಗಿ ಮಡಚಿದ ತುದಿಯನ್ನು ಬಿಡಿಸಿದಳು, ಮತ್ತೆ ಮಡಚಿದಳು. ವಾಸಿಯಾದ ಮೊಣಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಳು. ಆಮೇಲೆ ಕೀಲಿ ತಿರುಗಿಸಿದಳು.

ಅಪ್ಪ ಎದ್ದು ಬಂದು ಬಾನೆಟ್ಟಿನ ಮೇಲೆ ಕೈಯಿಟ್ಟ. ಶೆಡ್ಡು ಬಿಡುವ ಯಾವ ಕಾರನ್ನೂ ಹಾಗೆ ಮುಟ್ಟಿಯೇ ಕಳಿಸುವವನು. "ಹೋಗಿ ಬಾ ಮಗಳೇ."

"ಹೋಗ್ತೀನಿ," ಎಂದಳು ತಂಗಿ. ಬರ್ತೀನಿ ಎನ್ನಲಿಲ್ಲ.

ಏರಿನ ಕಡೆಯಿಂದ ಎಂಜಿನ್ನಿನ ಸದ್ದು ಒಂದೇ ಶ್ರುತಿಯಲ್ಲಿ ಕೇಳಿಸಿತು. ಎಲ್ಲೂ ಮುಗ್ಗರಿಸಲಿಲ್ಲ. ಅದು ಏರಿನಾಚೆ ಅಡಗುವವರೆಗೂ ಅಕ್ಕ ಕಿವಿಗೊಟ್ಟು ನಿಂತಿದ್ದಳು.

"ಎಲ್ಲಿಗೆ ಅಂತ ನಿನಗಾದ್ರೂ ಹೇಳಿದ್ಲಾ?" ಅಪ್ಪ ಮೆಲ್ಲಗೆ ಕೇಳಿದ.

"ಹೇಳಿದಾಳೆ," ಎಂದು ಅವಳು ಅವನತ್ತ ತಿರುಗದೆ ಮೀಟರಿನ ಕಡ್ಡಿಗಳನ್ನು ಸುತ್ತಿಟ್ಟಳು.