ನುಸಿ ಬಿದ್ದ ಕಂಬಳಿ

ಅಕ್ಕ ಹೊರಟಿದ್ದಾಳೆಂದು ಫೋನ್ ಬಂದ ಮೇಲೆ ತಂಗಿ ಗಂಡನನ್ನು ಕರೆದು ಅತ್ತೆಯ ಕೋಣೆಯ ಬೀರು ಸರಿಸಿದಳು. ಅಡಿಯಲ್ಲಿ ಹಾಸಿದ್ದ ರತ್ನಗಂಬಳಿಯನ್ನು ಕಂಡದ್ದೇ ತಡ, ಅಲ್ಲೇ ಬಗ್ಗಿ ಕೂತಳು.

ಊಟದ ತಟ್ಟೆಯಷ್ಟಗಲ ಉಣ್ಣೆಯೇ ಇರಲಿಲ್ಲ. ಕೆಳಗಿನ ನೂಲು ಬೋಳುತಲೆಯ ಹಾಗೆ ಹೊರಬಿದ್ದಿತ್ತು. ಅಂಚಿನುದ್ದಕ್ಕೂ ಅಕ್ಕಿಕಾಳಿನಂಥ ಗೂಡುಗಳು. ಕೆಂಪುಣ್ಣೆ ತಿಂದವು ಕೆಂಪಗೆ, ನೀಲಿ ತಿಂದವು ನೀಲಿ. ಒಂದು ಗೂಡಿನಿಂದ ಬಿಳಿ ಹುಳು ತಲೆ ಹೊರಹಾಕಿ, ಬೆಳಕು ತಾಗಿದೊಡನೆ ಸರಕ್ಕನೆ ಒಳಗೆಳೆದುಕೊಂಡಿತು.

ಕಂಬಳಿ ಅಕ್ಕನದು. ಅಪ್ಪ ಮಗ್ಗದ ಮುಂದೆ ಕೂತು ನೇಯ್ದ ಕಂಬಳಿಗಳಲ್ಲಿ ಕೊನೆಯದು. ‘ಮಗಳು ಸ್ವಂತ ಮನೆ ಮಾಡೋವರೆಗೂ ನಿನ್ನ ಹತ್ರ ಇರಲಿ ಕಣೇ’ ಎಂದು ಒಪ್ಪಿಸಿ ಹೋಗಿದ್ದಳು. ಈಗ ಮಗಳ ಮನೆಯಾಗಿತ್ತು. ಅಲ್ಲಿ ಹಾಸಲೆಂದೇ ಅಕ್ಕ ಬರುತ್ತಿದ್ದಳು.

ಮಂಚದ ಮೇಲಿಂದ ಅತ್ತೆ ಕೆಮ್ಮಿದರು. “ನಾನು ಅವತ್ತೇ ಹೇಳ್ಲಿಲ್ವೇನೇ, ನುಸಿ ಆಗಿದೆ ಅಂತ?”

“ಕಾಳಿಗೆ ಅಂದ್ಕೊಂಡೆ ಅತ್ತೆ! ಡಬ್ಬಗಳನ್ನೆಲ್ಲ ಇಳಿಸಿ ಹೆಸರುಕಾಳು, ಹಿಟ್ಟು ಎಲ್ಲಾ ಬಿಸಿಲಿಗೆ ಹಾಕಿದ್ನಲ್ಲ!”

“ಮಲಗಿದ ಕಡೆಯಿಂದ ನನಗೆ ನಿನ್ನ ಅಡುಗೆಮನೆ ಡಬ್ಬ ಕಾಣುತ್ತಾ? ಈ ಗೋಡೆ ಮೇಲೆ ಹಾರಾಡೋದನ್ನ ನೋಡಿ ಹೇಳಿದ್ದು.”

“ಎಲ್ಲಿ ಅಂತ ಒಂದು ಮಾತು ಸೇರಿಸಬಾರದಿತ್ತಾ?”

“ನೀನು ಕೇಳಬಾರದಿತ್ತಾ?”

“ಈಗ ನಿಮ್ಮಿಬ್ಬರ ಜಗಳ ಬೇಡ,” ಎಂದ ಗಂಡ. “ತೂತು ಒಳಗೆ ಹೋಗೋ ಹಾಗೆ ಸುತ್ತಿ, ಹಗ್ಗ ಬಿಗಿದುಬಿಡೋಣ. ಅಲ್ಲಿ ಬಿಚ್ಚಿದ ಮೇಲೆ ಯಾವ ಮನೆ ನುಸಿ ಅಂತ ಯಾರು ಹೇಳ್ತಾರೆ?”

ತಂಗಿಯ ಕೈ ತನ್ನಷ್ಟಕ್ಕೆ ಕಂಬಳಿ ಸುತ್ತತೊಡಗಿತು. ಕೊನೆಯ ಗಂಟು ಬೀಳುವುದಕ್ಕೂ ಮೆಟ್ಟಿಲ ಮೇಲೆ ಅಕ್ಕನ ಏದುಸಿರು ಕೇಳುವುದಕ್ಕೂ ಸರಿಹೋಯಿತು.

“ಅಯ್ಯಪ್ಪ, ನಿಮ್ಮ ಮನೆ ಹತ್ತೋದ್ರೊಳಗೆ ನನ್ನ ಜೀವ ಬಾಯಿಗೆ ಬರುತ್ತೆ! ಇಳಿಸುವಾಗ ನೀನೇ ಹೊತ್ಕೋ, ತಿಂದು ಗುಂಡಗಾಗಿದ್ದೀಯ.” ಅಕ್ಕ ನಗುತ್ತಲೇ ಒಳಬಂದಳು. “ಮಗಳು ತೊಟ್ಟಿಲನ್ನ ಕಂಬಳಿ ಮೇಲೇ ಇಡ್ತಾಳಂತೆ. ಮಗೂಗೆ ಹೆಣೆದ ಸ್ವೆಟರು, ಕುಲಾವಿ ಎಲ್ಲಾ ಅದೇ ರೂಮಲ್ಲಿ ಜೋಡಿಸಿದ್ದಾಳೆ ಕಣೇ.”

ಹೇಳುತ್ತಲೇ ಬಗ್ಗಿ ಹಗ್ಗಕ್ಕೆ ಕೈ ಹಾಕಿದಳು. ಸುರುಳಿಯ ಒಂದು ತುದಿ ನೆಲ ಬಿಟ್ಟಿತು.

ತಂಗಿ ಅದರ ಮೇಲೆ ಕಾಲಿಟ್ಟಳು.

“ಬೇಡಕ್ಕ. ಒಯ್ಯಬೇಡ.”

“ಯಾಕೇ? ಆಸೆ ಹುಟ್ಟಿತಾ?”

“ನುಸಿ ತಿಂದಿದೆ. ಹುಳ ಇನ್ನೂ ಜೀವಂತ ಇದೆ. ಮಗೂ ಬಟ್ಟೆಗೂ ಹತ್ತುತ್ತೆ.”

ಗಂಡ ಕಿಟಕಿಯತ್ತ ತಿರುಗಿದ. ತಂಗಿ ಕುಕ್ಕರುಗಾಲಲ್ಲಿ ಕೂತು, ಗಂಟು ಬಿಚ್ಚಿ ಸುರುಳಿ ಉರುಳಿಸಿದಳು. ಅಕ್ಕ ಬೋಳು ಜಾಗದ ಅಂಚನ್ನು ಮುಟ್ಟಿದಳು. ಒಂದು ಹಿಡಿ ಉಣ್ಣೆ, ಬಾಚಣಿಗೆಗೆ ಬಂದ ಕೂದಲಿನ ಹಾಗೆ, ಕೈಗೆ ಕಿತ್ತು ಬಂತು. ಅದನ್ನೇ ನೋಡುತ್ತ ಕೂತಳು.

“ಹಗ್ಗ ಯಾಕೆ ಕಟ್ಟಿದ್ದೆ?”

“ಹಾಗೇ ಕಳಿಸಿಬಿಡೋಣ ಅಂತ.”

ಅಕ್ಕ ಎದ್ದಳು. ಯಾರನ್ನೂ ಮುಟ್ಟಗೊಡದೆ ಕಂಬಳಿಯನ್ನು ದರದರ ಎಳೆದುಕೊಂಡು ತಾರಸಿ ಹತ್ತಿದಳು. ಬಿಸಿಲಿನಲ್ಲಿ ಮೋಟುಗೋಡೆಗೆ ಹರವಿ, ಮೂಲೆಯಲ್ಲಿದ್ದ ಕೋಲಿನಿಂದ ಬಾರಿಸತೊಡಗಿದಳು. ಏಟಿಗೊಮ್ಮೆ ಧೂಳು, ಗೂಡು, ಬಣ್ಣಬಣ್ಣದ ಉಣ್ಣೆ ಎಗರಿ ಬೀಳುತ್ತಿದ್ದವು. ಬಾಗಿಲಲ್ಲಿ ನಿಂತ ತಂಗಿಗೆ ಒಂದೊಂದು ಏಟೂ ತನ್ನ ಬೆನ್ನಿಗೇ ಬಿದ್ದಂತಾಗುತ್ತಿತ್ತು. ಮುಂದೆ ಹೋಗಲು ಧೈರ್ಯವಿಲ್ಲ, ಹಿಂದೆ ಹೋಗಲು ಮನಸ್ಸಿಲ್ಲ.

ಅಕ್ಕನ ಉಸಿರು ಕಟ್ಟಿತು. ಕೋಲೂರಿ ನಿಂತಳು, ತಿರುಗಿ ನೋಡಲಿಲ್ಲ.

“ನಿಂತು ನೋಡೋಕೆ ಇದೇನು ನಾಟಕವಾ? ಇನ್ನೊಂದು ಕೋಲು ಹುಡುಕು. ಆ ಕಡೆಯಿಂದ ನೀನು ಹೊಡಿ.”