ಕರ್ತನ ಭೋಜನಕ್ಕೆ ಖಾರ ಬಿತ್ತು

ಬ್ಯಾಡಗಿಯ ನಮ್ಮ ಕ್ರೈಸ್ತ ಸಭೆಗೆ ಯಾರೂ ಬೈದವರಿಲ್ಲ, ಕಲ್ಲು ಹೊಡೆದವರಿಲ್ಲ. ಹಾಗೇನಾದರೂ ಆಗಿದ್ದರೆ ನಾವು ಟೊಂಕ ಕಟ್ಟಿ ನಿಲ್ಲುತ್ತಿದ್ದೆವು. ನಮ್ಮ ಕಷ್ಟ ಬೇರೆ. ಊರಿಗೆ ನಾವು ಬೇಕಾಗಿಯೂ ಇಲ್ಲ, ಬೇಡವಾಗಿಯೂ ಇಲ್ಲ. ಸೋಮವಾರ ಮೆಣಸಿನಕಾಯಿ ಟೆಂಡರು, ಹಾಗಾಗಿ ಭಾನುವಾರವೇ ಲಾರಿಗಳು ಬಂದು ಮಾರುಕಟ್ಟೆಯಲ್ಲಿ ನಿಲ್ಲುತ್ತವೆ. ಸುಗ್ಗಿಯಲ್ಲಿ ಹಮಾಲರಿಗೂ, ಕಾಯಿಯ ತೊಟ್ಟು ಬಿಡಿಸುವ ಹೆಂಗಸರಿಗೂ ಅಂದಿನಷ್ಟು ಕೆಲಸ ಇನ್ಯಾವ ದಿನವೂ ಇರುವುದಿಲ್ಲ. ನಮ್ಮ ಸಭೆ ಎಂದರೆ ಬಹುಪಾಲು ಅವರೇ. ಉಳಿದವರು ಕಲಿತ ಹುಡುಗ ಹುಡುಗಿಯರು. ಅವರಿಗೆ ಭಾನುವಾರವೆಂದರೆ ನಿದ್ದೆ, ಕ್ರಿಕೆಟ್ಟು, ಮೊಬೈಲು. "ದೇವ್ರು ಎಲ್ಲಾ ಕಡೆ ಅದಾನಲ್ಲ ಆಂಟಿ, ಚರ್ಚಿಗೇ ಯಾಕ ಬರಬೇಕು" ಎಂದು ನನಗೇ ಉಪದೇಶ ಮಾಡುತ್ತಾರೆ. ಎಲ್ಲಾ ಕಡೆ ಇರುವ ದೇವರನ್ನು ಇವರು ಯಾವ ಕಡೆಯಲ್ಲೂ ಹುಡುಕಿದ್ದನ್ನು ನಾನಂತೂ ಕಂಡಿಲ್ಲ.

ನಾನು ಕರುಣವ್ವ. ಸ್ಟೇಷನ್ ರಸ್ತೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದೇನೆ, ಸಭೆಯಲ್ಲಿ ಹಿರಿಯಳು. ಬಾಯಿ ಜೋರು ಎನ್ನುತ್ತಾರೆ. ಇರಲಿ, ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು.

ಕ್ರಿಸ್‌ಮಸ್ ಮುಗಿದ ಮೇಲೆ ಒಂದು ದಿನ ನಮ್ಮ ಪಾಸ್ಟರ್ ಪ್ರಸನ್ನ ಮುಖ ಸಪ್ಪೆ ಮಾಡಿಕೊಂಡು ಅಂಗಡಿಗೆ ಬಂದರು.

"ಕರುಣಕ್ಕ, ಬರೂ ಭಾನುವಾರ ಹಾವೇರಿಯಿಂದ ವಲಯದ ಅಧ್ಯಕ್ಷರು ಬರತಾರ. ಇಲ್ಲಿ ಮಂದಿ ಕಡಿಮಿ ಅದಾರಂತ ಆರಾಧನಿ ಬಂದ್ ಮಾಡಿ, ಎಲ್ಲಾರನೂ ರಾಣೆಬೆನ್ನೂರ ಚರ್ಚಿಗೆ ಸೇರಸೂ ವಿಚಾರ ಐತಿ. ಕಣ್ಣಾರೆ ನೋಡಿ ಹೇಳತಾರಂತ."

ರಾಣೆಬೆನ್ನೂರು ದೂರವೇನಲ್ಲ. ಆದರೆ ನಡೆದು ಬರುವ ಚರ್ಚಿಗೇ ಬಿಡುವಿಲ್ಲದವರು ಬಸ್ಸು ಹತ್ತಿ ಹೋಗುತ್ತಾರೆಯೇ? ಮೊದಲು ಒಂದಿಷ್ಟು ವಾರ ಹೋಗುತ್ತಾರೆ, ಆಮೇಲೆ ಹಬ್ಬಕ್ಕಷ್ಟೇ, ಆಮೇಲೆ ಮದುವೆಗೆ, ಮಣ್ಣಿಗೆ. ಈ ಬಾಗಿಲು ಮುಚ್ಚಿದರೆ ನಮ್ಮ ಮನೆಗಳ ಪ್ರಾರ್ಥನೆ ಯಾರೂ ಊದದೆಯೂ ದೀಪದ ಹಾಗೆ ತಾನೇ ಆರಿಹೋಗುತ್ತದೆ ಎಂಬ ಭಯ ನನ್ನನ್ನು ಹಿಡಿಯಿತು.

ಆ ವಾರವೆಲ್ಲ ಮನೆ ಮನೆ ತಿರುಗಿದೆ. ಕೆಲವರನ್ನು ಬೈದೆ, ಕೆಲವರನ್ನು ಬೇಡಿಕೊಂಡೆ. ನಮ್ಮ ಗದಿಗೆವ್ವ ತೊಟ್ಟು ಬಿಡಿಸುವ ದಲಾಲಿ ಅಂಗಡಿಗೂ ಹೋದೆ. ಗದಿಗೆವ್ವನಿಗೆ ರೆಬೆಕ್ಕ ಎಂಬ ದೀಕ್ಷಾಸ್ನಾನದ ಹೆಸರಿದೆ. ಆ ಹೆಸರಿನಿಂದ ಕರೆದರೆ ಮಾತ್ರ ಆಕೆ ತಿರುಗಿಯೂ ನೋಡುವುದಿಲ್ಲ. ಅವಳ ಮಾಲೀಕರು ಪ್ರಭುಲಿಂಗಪ್ಪ, ಒಳ್ಳೆಯ ಮನುಷ್ಯರು.

"ಒಂದೆರಡು ತಾಸು ಬಿಡತೇನಿ, ಹೋಗಿ ಬರ್ಲಿ," ಎಂದರು. "ಆದ್ರೂ ಕರುಣಕ್ಕ, ನಿಮ್ಮ ದೇವ್ರು ಸಂಜಿಕ ಸಿಗೂದಿಲ್ಲೇನು?"

"ದೇವ್ರು ಸಂಜಿಕೂ ಸಿಗತಾನ್ರಿ. ನಿಮ್ಮ ಕೆಲಸ ಮುಗದ ಮ್ಯಾಲ ಮಂದಿ ಸಿಗೂದಿಲ್ಲ," ಎಂದೆ. ಅವರು ನಕ್ಕು ಚಹಾ ತರಿಸಿದರು.

ಭಾನುವಾರ ಬೆಂಚುಗಳು ತುಂಬಿದವು. ಹೆಂಗಸರು ಮಾರುಕಟ್ಟೆಯಿಂದ ನೇರವಾಗಿ ಬಂದಿದ್ದರಿಂದ ಸೀರೆಯ ತುಂಬ ಕಾಯಿಯ ಧೂಳು, ಮೊದಲ ಕೀರ್ತನೆಗೇ ನಾಲ್ಕಾರು ಸೀನು. ಅದು ನಮಗೆ ರೂಢಿ. ಅಧ್ಯಕ್ಷರ ಹೆಸರು ರೆವರೆಂಡ್ ಸತ್ಯಮಿತ್ರ. ಸಣಕಲು ದೇಹ, ದಪ್ಪ ಕನ್ನಡಕ, ನಗದ ಮುಖ. ಯೇಸುವನ್ನು ಅರಿಯೆನೆಂದ ಪೇತ್ರನು ಕೋಳಿ ಕೂಗಿದಾಗ ಅತ್ತದ್ದರ ಮೇಲೆ ಪ್ರಸಂಗ ಮಾಡಿದರು. ನಡುನಡುವೆ ಕಣ್ಣಲ್ಲೇ ನಮ್ಮ ತಲೆ ಎಣಿಸುತ್ತಿದ್ದರು. ನನಗೆ ಪ್ರಸಂಗದ ಒಂದು ಮಾತೂ ಕಿವಿಗೆ ಬೀಳಲಿಲ್ಲ.

ಆಮೇಲೆ ಕರ್ತನ ಭೋಜನ, ಯೇಸುವಿನ ಶರೀರವೆಂದು ರೊಟ್ಟಿ ಮುರಿದು ಹಂಚುವ ವಿಧಿ. ನಮ್ಮಲ್ಲಿ ಅದಕ್ಕೆ ಅಂಗಡಿಯ ಬ್ರೆಡ್ಡು ತರುವುದಿಲ್ಲ. ಹುಳಿ ಹಾಕದ ಗೋಧಿ ರೊಟ್ಟಿಯನ್ನು ಪಾಳಿಯ ಮೇಲೆ ಒಬ್ಬೊಬ್ಬರು ಮನೆಯಲ್ಲಿ ಮಾಡಿ ತರುತ್ತೇವೆ. ಆ ದಿನದ ಪಾಳಿ ಗದಿಗೆವ್ವನದು. ಅಧ್ಯಕ್ಷರು ಆಶೀರ್ವದಿಸಿ, ಮುರಿದು, ಸಾಲಾಗಿ ಬಂದವರ ಕೈಗೆ ಒಂದೊಂದು ಚೂರು ಇಟ್ಟರು. ಎಲ್ಲರಿಗೂ ಕೊಟ್ಟು ತಾವು ಕೊನೆಗೆ ತೆಗೆದುಕೊಳ್ಳುವುದು ಅವರ ಪದ್ಧತಿ.

ಬಾಯಿಗೆ ಹಾಕಿಕೊಂಡೆ. ನಾಲಿಗೆ ಚುರ್ರೆಂದಿತು. ನಮ್ಮ ಬ್ಯಾಡಗಿ ಕಾಯಿ ಬಣ್ಣಕ್ಕೆ ಹೆಸರಾದದ್ದು, ಅದರಲ್ಲಿ ಖಾರ ಕಡಿಮೆ. ಇದು ಹೊರಗಿನಿಂದ ಬಂದ ಗುಂಟೂರು ಕಾಯಿಯ ಖಾರ. ಬೆಂಚಿಗೆ ಬಂದು ಪಕ್ಕದಲ್ಲಿ ಕುಳಿತ ಗದಿಗೆವ್ವನನ್ನು ನೋಡಿದರೆ ಅವಳ ಮುಖದಲ್ಲಿ ರಕ್ತವೇ ಇಲ್ಲ. ಕೆಲಸದಲ್ಲಿ ಮೂಗಿಗೆ ಕಟ್ಟಿಕೊಳ್ಳುವ ಬಿಳಿ ಅರಿವೆಯನ್ನು ಒಗೆದು, ಮನೆಯಲ್ಲಿ ಅದಕ್ಕಿಂತ ಬಿಳಿಯದು ಇಲ್ಲವೆಂದು, ಬಿಸಿ ರೊಟ್ಟಿಯನ್ನು ಅದರಲ್ಲೇ ಸುತ್ತಿ ತಂದಿದ್ದಳು ಪುಣ್ಯಾತ್ಗಿತ್ತಿ. ಆ ಖಾರ ಒಂದು ಒಗೆತಕ್ಕೆ ಹೋಗುವಂಥದ್ದೇ?

ಸಭೆಯ ತುಂಬ ಮೂಗುಗಳು ಸೊರಸೊರ ಎನ್ನತೊಡಗಿದವು. ಗಂಡಸರು ಟವೆಲ್ಲಿನಿಂದ, ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅಧ್ಯಕ್ಷರು ತಮ್ಮ ಚೂರನ್ನು ಕೈಯಲ್ಲಿ ಹಿಡಿದವರು ಹಾಗೇ ನಿಂತುಬಿಟ್ಟರು. ನಮ್ಮೆಲ್ಲರ ಮುಖ ನೋಡಿ ಹೇಳಿದರು:

"ದೊಡ್ಡ ದೊಡ್ಡ ಚರ್ಚ್ ನೋಡೇನಿ. ಕರ್ತನ ಮೇಜಿನ ಮುಂದ ಹಿಂಗ ಅಳೂ ಮಂದೀನ ಎಲ್ಲೂ ನೋಡಿಲ್ಲ. ಈ ಸಭಾ ಮುಚ್ಚಬಾರದಂತ ನಾನ ಹೇಳತೇನಿ."

ದೇವರಿಗೆ ಸ್ತೋತ್ರ ಎಂದಿತು ನನ್ನ ಮನಸ್ಸು. ದೇವರು ಖಾರದಿಂದಲೂ ಕೆಲಸ ಮಾಡುತ್ತಾನೆ, ಇರಲಿ ಬಿಡು ಎಂದುಕೊಂಡೆ. ಅಷ್ಟರಲ್ಲಿ ಗದಿಗೆವ್ವ ಏಳತೊಡಗಿದಳು. ಸೆರಗು ಹಿಡಿದು ಜಗ್ಗಿದೆ.

"ಸುಮ್ನ ಕುಂದ್ರ. ನೀ ಬಾಯಿ ಬಿಟ್ಟರ ಚರ್ಚ್ ಹೋಗತೈತಿ."

"ಸುಳ್ಳಿನ ಮ್ಯಾಲ ಉಳದ ಚರ್ಚಿನ್ಯಾಗ ಕುಂತು ಏನಂತ ಪ್ರಾರ್ಥನಿ ಮಾಡ್ಲಿ ಯಕ್ಕಾ," ಎಂದು ಸೆರಗು ಬಿಡಿಸಿಕೊಂಡಳು. ಎದ್ದು ನಿಂತು, ನೆಲ ನೋಡುತ್ತ ಹೇಳಿದಳು: "ಸಾಹೇಬ್ರ, ಅದು ಅಳು ಅಲ್ರಿ. ರೊಟ್ಟಿಗೆ ಖಾರ ಹತ್ತೇತ್ರಿ. ನನ್ನ ಅರಿವ್ಯಾಗಿನ ಖಾರ. ತಪ್ಪು ನಂದರಿ."

ಪಾಸ್ಟರ್ ಪ್ರಸನ್ನ ಹಣೆ ಹಿಡಿದುಕೊಂಡರು. ನನಗೆ ಅವಳನ್ನು ಅಲ್ಲೇ ನಾಲ್ಕು ಬಡಿಯಬೇಕೆನ್ನಿಸಿತು. ಅಧ್ಯಕ್ಷರು ಕೈಯಲ್ಲಿದ್ದ ಚೂರನ್ನು ಬಾಯಿಗೆ ಹಾಕಿಕೊಂಡರು. ಮುಖ ಕೆಂಪಾಯಿತು, ಕೆಮ್ಮು ಬಂತು, ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಆದರೂ ನುಂಗಿದರು.

"ಎಲ್ಲಾರ ಚೂರೂ ಇಷ್ಟ ಖಾರ ಇತ್ತೇನು?"

"ಹೌದ್ರಿ," ಎಂದರು ನಾಲ್ಕು ಜನ.

"ಮತ್ತ ಯಾರೂ ಉಗುಳಲಿಲ್ಲೇನು?"

ಯಾರಿಗೂ ಪ್ರಶ್ನೆಯೇ ಅರ್ಥವಾದಂತೆ ಕಾಣಲಿಲ್ಲ. ಕೊನೆಗೆ ಹಮಾಲ ಯೋಹಾನಪ್ಪ ಎದ್ದ.

"ಆತನ ಶರೀರ ಅಂತ ಹೇಳಿ ಕೈಯಾಗ ಕೊಟ್ರಿ. ಅದನ್ನ ಉಗುಳೂದು ಹೆಂಗ್ರಿ? ಖಾರ ಆದ್ರ ಖಾರ, ನುಂಗೂದ."

ಅಧ್ಯಕ್ಷರು ಕನ್ನಡಕ ಮತ್ತೆ ಹಾಕಿಕೊಂಡರು. "ಆವಾಗ ಅಳು ಅಂತ ತಿಳದು ಹೇಳಿದ ಮಾತು ವಾಪಸ್ ತಗೋತೇನಿ," ಎಂದರು. ಹೋಯಿತು ನಮ್ಮ ಚರ್ಚು ಎಂದುಕೊಂಡೆ. "ಈಗ ತಿಳದು ಹೇಳತೇನಿ. ಈ ಸಭಾ ಮುಚ್ಚೂದಿಲ್ಲ. ಲಾರಿ ಬರೂಕಿಂತ ಮೊದಲ, ನಸುಕಿನ್ಯಾಗ ಆರಾಧನಿ ಇಟ್ಕೋರಿ. ಪಾಸ್ಟರ್ರ, ಲಗೂ ಏಳತೀರಿಲ್ಲೋ?"

"ಏಳತೇನ್ರಿ," ಎಂದರು ಪ್ರಸನ್ನ. ಬೆಳಗಿನ ನಿದ್ದೆ ಅವರಿಗೆ ಪ್ರಾಣ, ನನಗೆ ಗೊತ್ತು. ಆದರೂ ಅವರ ಮುಖ ಅರಳಿತ್ತು.

ವಾರದಿಂದ ಎದೆಯ ಮೇಲೆ ಹೊತ್ತಿದ್ದ ಚೀಲವನ್ನು ಯಾರೋ ಇಳಿಸಿಕೊಂಡ ಹಾಗೆ ಹಗುರವಾಯಿತು. ಗದಿಗೆವ್ವನ ಕೈ ಹಿಡಿದುಕೊಂಡೆ. ಅವಳನ್ನು ಕೂರಿಸಲು ನೋಡಿದ್ದಕ್ಕೆ ನಾಚಿಕೆಯೂ ಆಯಿತು, ಸಂತೋಷವೂ ಆಯಿತು.

ತಟ್ಟೆಯಲ್ಲಿ ಇನ್ನೂ ರೊಟ್ಟಿ ಉಳಿದಿತ್ತು. ಆಶೀರ್ವದಿಸಿದ ರೊಟ್ಟಿಯನ್ನು ಎಸೆಯುವಂತಿಲ್ಲ, ಅಲ್ಲಿದ್ದವರೇ ತಿಂದು ಮುಗಿಸಬೇಕು. ಗದಿಗೆವ್ವ ಮುಂದೆ ಹೋಗಿ, "ನಾ ತಿಂತೇನಿ ಕೊಡ್ರಿ, ನಂದ ತಪ್ಪು," ಎಂದು ಕೈ ಚಾಚಿದಳು.

"ಇದು ಒಬ್ಬಾಕಿ ಉಣ್ಣೂ ಊಟ ಅಲ್ಲ ಯವ್ವಾ," ಎಂದು ಅಧ್ಯಕ್ಷರು ತಾವೇ ಮೊದಲು ಇನ್ನೊಂದು ಚೂರು ಬಾಯಿಗೆ ಹಾಕಿಕೊಂಡು, ತಟ್ಟೆ ಹಿಡಿದು ನಿಂತರು. ಯೋಹಾನಪ್ಪ ಎದ್ದ. ಅವನ ಹಿಂದೆ ನಾನು, ನನ್ನ ಹಿಂದೆ ಉಳಿದವರು. ಈ ಸಲ ಅದು ಎಷ್ಟು ಖಾರವೆಂದು ಎಲ್ಲರಿಗೂ ಗೊತ್ತಿತ್ತು. ಒಬ್ಬರೂ ಬೆಂಚಿನಲ್ಲಿ ಉಳಿಯಲಿಲ್ಲ.