ಮೊದಲ ಕಾಯಿಯ ಲೆಕ್ಕ

ಬೆಂಗಳೂರಿನಿಂದ ಕ್ಯಾಮೆರಾದವರು ಶಾಲೆಗೆ ಬರುತ್ತಾರೆ ಎಂದು ಕೇಳಿದ್ದೇ ತಡ, ಕಮಲಾಕ್ಷಮ್ಮ ಟೀಚರ್ ಬೀರುವಿನಿಂದ ರೇಷ್ಮೆ ಸೀರೆ ತೆಗೆದರು. ಜಾವಗಲ್ ಹತ್ತಿರದ ಆ ಸರ್ಕಾರಿ ಶಾಲೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಮಗ್ಗಿ ಹೇಳಿಕೊಟ್ಟವರು, ಬರುವ ಮೇ ತಿಂಗಳಿಗೆ ನಿವೃತ್ತಿ. ಕಲಿಸುವ ವಿಧಾನಗಳ ಬಗ್ಗೆ ಸಾಕ್ಷ್ಯಚಿತ್ರ ಮಾಡುತ್ತಾರೆ ಅಂದಮೇಲೆ ತಮ್ಮನ್ನು ಬಿಟ್ಟು ಇನ್ಯಾರನ್ನು ತೋರಿಸಿಯಾರು? ಸೀರೆಗೆ ಇಸ್ತ್ರಿ ಆದಮೇಲೆ ತಿಳಿಯಿತು, ಅವರು ಬರುತ್ತಿರುವುದು ಸಿಂಧುಗಾಗಿ ಎಂದು.

ಸಿಂಧು ಅರೇಹಳ್ಳಿ ಕಡೆಯ ಹುಡುಗಿ. ಕೆಲಸಕ್ಕೆ ಸೇರಿ ಎರಡು ವರ್ಷ. ಕಣಕಟ್ಟೆಯಲ್ಲಿ ಬಾಡಿಗೆ ಮನೆ ಮಾಡಿಕೊಂಡು ಬಸ್ಸಿನಲ್ಲಿ ಓಡಾಡುತ್ತಿದ್ದಳು. ಕರಿಹಲಗೆ ಮುಟ್ಟದೆ, ಅಂಗಳದಲ್ಲಿ ತೆಂಗಿನಕಾಯಿ ರಾಶಿ ಹಾಕಿ ಮಕ್ಕಳಿಗೆ ಲೆಕ್ಕ ಕಲಿಸುತ್ತಿದ್ದಳು. ಒಂದೊಂದೇ ಕಾಯಿ ಎತ್ತಿ ಆಚೆಗೆ ಹಾಕುತ್ತಾ ಎಣಿಸುವುದು, ಗುಂಪು ಮಾಡುವುದು, ಪಾಲು ಹಾಕುವುದು. ಮಕ್ಕಳು ಊಟದ ಗಂಟೆ ಹೊಡೆದರೂ ಏಳುತ್ತಿರಲಿಲ್ಲ. ಕಮಲಾಕ್ಷಮ್ಮನ ತರಗತಿಯಲ್ಲಿ ಮಕ್ಕಳು ಗಂಟೆಗೆ ಐದು ನಿಮಿಷ ಮೊದಲೇ ತಟ್ಟೆ ಹಿಡಿದು ಕೂತಿರುತ್ತಿದ್ದರು. ಅದನ್ನು ನೋಡಿದಾಗೆಲ್ಲ ಅವರ ಹೊಟ್ಟೆಗೆ ಬೆಂಕಿ ಬಿದ್ದಂತಾಗುತ್ತಿತ್ತು. ಆ ಹುಡುಗಿಗೋ ಸೊಕ್ಕೂ ಇಲ್ಲ, ಸಿಕ್ಕಾಗೆಲ್ಲ "ಮೇಡಂ, ತಿಂಡಿ ಆಯ್ತಾ?" ಎನ್ನುತ್ತಿದ್ದಳು. ಬೈಯಲು ಒಂದು ನೆಪವನ್ನಾದರೂ ಕೊಡಬಾರದೇ?

ಚಿತ್ರೀಕರಣದ ದಿನ ಮೂರನೇ ತರಗತಿಯ ರಾಣಿ ರಾಶಿಯ ಮುಂದೆ ನಿಂತಳು. ಮೊದಲ ಕಾಯಿ ಎತ್ತಿ "ಲಾಭ" ಎಂದಳು. ಆಮೇಲೆ ಎರಡು, ಮೂರು, ನಾಲ್ಕು. ನಿರ್ದೇಶಕ ಮಹಾಂತೇಶ್ ಹುಬ್ಬು ಗಂಟು ಹಾಕಿದ. ಸಿಂಧು ಚಿಕ್ಕ ಮಕ್ಕಳನ್ನು ಊಟಕ್ಕೆ ಕೂರಿಸಲು ಹೋಗಿದ್ದಳು.

"ಮೇಡಂ, ಈ ಮಗು ಒಂದು ಅನ್ನೋದೇ ಬಿಟ್ಬಿಟ್ಲಲ್ಲ?" ಎಂದು ಅವನು ಪಕ್ಕದಲ್ಲೇ ಬಂದು ನಿಂತಿದ್ದ ರೇಷ್ಮೆ ಸೀರೆಯವರನ್ನೇ ಕೇಳಿದ.

ಆ ಸೀಮೆಯಲ್ಲಿ ಕಾಯಿ ಎಣಿಸುವವರು, ರಾಗಿ ಅಳೆಯುವವರು ಮೊದಲನೆಯದಕ್ಕೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ರಾಶಿ ಹೆಚ್ಚಲಿ ಎಂಬ ಹಾರೈಕೆ. ಕಮಲಾಕ್ಷಮ್ಮನಿಗೆ ಇದು ಗೊತ್ತಿಲ್ಲವೇ? ಅವರ ತಂದೆ ಏಕಾಂತಯ್ಯ ನಲವತ್ತು ವರ್ಷ ಅರಸೀಕೆರೆ ಮಂಡಿಯಲ್ಲಿ ಕಾಯಿ ಎಣಿಸಿದವರು. ನಾಲಿಗೆಯ ತುದಿಗೆ ನಿಜ ಬಂದಿತ್ತು. ಅಷ್ಟರಲ್ಲಿ ಕ್ಯಾಮೆರಾ ತಮ್ಮ ಕಡೆಗೆ ತಿರುಗಿತು. ಎರಡು ವರ್ಷದ ಉರಿಯೆಲ್ಲ ಒಟ್ಟಿಗೆ ಎದ್ದಿತು.

"ಮೊದಲನೇ ಅಂಕಿನೇ ಬರಲ್ಲ ನೋಡಿ ಸಾರ್. ಕಾಯಿ ಕೊಟ್ಟು ಆಟ ಆಡ್ಸಿದ್ರೆ ಹಿಂಗೇ ಆಗೋದು. ಬುಡವೇ ತಪ್ಪು."

ರಾಣಿ ಕೈಯಲ್ಲಿದ್ದ ಕಾಯಿ ಕೆಳಗಿಟ್ಟು ತಲೆ ತಗ್ಗಿಸಿದಳು. ಕಮಲಾಕ್ಷಮ್ಮನಿಗೆ ಒಂದು ಗಳಿಗೆ ಚುರುಕ್ ಎಂದಿತು, ನಿಜ. ಆದರೆ ಅದರ ಹಿಂದೆಯೇ ಬಂದ ಖುಷಿ ಅದಕ್ಕಿಂತ ದೊಡ್ಡದು.

ಮೂರು ತಿಂಗಳಾದಮೇಲೆ ಒಂದು ಮಧ್ಯಾಹ್ನ ಶಾಲೆಯ ಟಿವಿಯಲ್ಲಿ ಚಿತ್ರ ಹಾಕಿದರು. ಊರಿನವರೆಲ್ಲ ಬಂದು ಕೂತಿದ್ದರು. ಕಮಲಾಕ್ಷಮ್ಮ ಮುಂದಿನ ಸಾಲಿನಲ್ಲಿ, ಅದೇ ಸೀರೆಯಲ್ಲಿ. ಪರದೆಯ ಮೇಲೆ ತಮ್ಮ ಮುಖ ಬಂದಾಗ ಸೆರಗು ಸರಿಮಾಡಿಕೊಂಡರು. "ಬುಡವೇ ತಪ್ಪು" ಎಂಬ ಮಾತು ಮುಗಿಯಿತು. ಹಿಂದಿನ ಸಾಲಿನಲ್ಲಿ ಯಾರೋ "ಅಯ್ಯೋ, ಇವ್ರಿಗೆ ಗೊತ್ತಿಲ್ವಾ?" ಎಂದರು. ಮರುಕ್ಷಣ ಕಂಡದ್ದು ಕಣಕಟ್ಟೆಯ ಒಂದು ಜಗಲಿ, ಅದರ ಮೇಲೆ ವಿಭೂತಿ ಬಳಿದುಕೊಂಡು ಕೂತ ಮುದುಕ. ಅಪ್ಪಾಜಿ!

"ಈ ಸಿಂಧವ್ವ ವಾರಕ್ಕೊಂದ್ಸಲ ಬಂದು ಕೂತ್ಕಂಡು ಕಲ್ತ್ಲು," ಎನ್ನುತ್ತಿದ್ದರು ಏಕಾಂತಯ್ಯ. "ಮೊದಲ್ನೇದ್ಕೆ ಲಾಭ ಅನ್ಬೇಕು. ನನ್ ಮಗಳು ಕಮಲಿ ಸ್ಕೂಲು ಮೆಟ್ಲು ಹತ್ತಾಕೆ ಮುಂಚೆನೇ ಲಾಭ ಅಂತ ನೂರು ಕಾಯಿ ಎಣಿಸೋಳು. ಈಗ ಈ ಸಿಂಧವ್ವನ ಸ್ಕೂಲಾಗೇ ಟೀಚರ್ ಆಗವ್ಳೆ. ಬೇಕಾರೆ ಅವಳ್ನೇ ಕೇಳಿ."

ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಗೌರಿ ಹಬ್ಬಕ್ಕೆ ಹೋದದ್ದೇ ಕೊನೆ, ಕಮಲಾಕ್ಷಮ್ಮ ತವರಿನ ಹೊಸಿಲು ತುಳಿದು ಏಳು ತಿಂಗಳಾಗಿತ್ತು. ಆ ಹುಡುಗಿ ವಾರವಾರವೂ ಹೋಗಿದ್ದಳು. ತಮಗೆ ಬರಬೇಕಾದ ಹೆಸರು ಹೋಗಲಿ, ತಮ್ಮ ಅಪ್ಪನನ್ನೂ ಕಸಿದುಕೊಂಡಳಲ್ಲ ಎಂದು ಆಗಲೂ ಉರಿಯಿತೇ ಹೊರತು ಸಿಂಧು ಕಡೆ ತಿರುಗಿ ನೋಡುವ ಧೈರ್ಯ ಬರಲಿಲ್ಲ.

ಎಲ್ಲರೂ ಹೊರಟುಹೋದರು. ಸ್ಟಾಫ್ ರೂಮಿನಲ್ಲಿ ಒಬ್ಬರೇ ಕೂತಿದ್ದಾಗ ಫೋನ್ ಬಂತು.

"ಕಮಲಿ, ನನ್ನ ಟಿವೀಲಿ ತೋರಿಸುದ್ರಂತೆ? ಸಿಂಧವ್ವ ಈಗ ಫೋನ್ ಮಾಡಿದ್ಲು. ನಿಮ್ಮ ಮಗಳೂ ಬಂದವ್ರೆ ತಾತ, ಚೆನ್ನಾಗಿ ಕಾಣ್ತಾರೆ ಅಂದ್ಲು. ನೀನು ಏನು ಹೇಳಿದ್ದೀ ಅಂತ ಕೇಳುದ್ರೆ, ಅವರನ್ನೇ ಕೇಳಿ ಅಂದ್ಬುಟ್ಲು." ಮುದುಕರ ದನಿಯಲ್ಲಿ ಹಿಗ್ಗು ತುಂಬಿತ್ತು. "ಏನಂದೆ ಕಣವ್ವಾ? ಲಾಭದ್ ವಿಷ್ಯ ಸರಿಯಾಗಿ ಹೇಳುದ್ಯಾ?"

"ಇಲ್ಲಿ ಮಕ್ಕಳ ಗಲಾಟೆ ಅಪ್ಪಾಜಿ, ಏನೂ ಕೇಳಿಸ್ತಿಲ್ಲ," ಎಂದರು ಕಮಲಾಕ್ಷಮ್ಮ.

ಶಾಲೆಯಲ್ಲಿ ಆಗ ಒಂದು ಮಗುವೂ ಇರಲಿಲ್ಲ.